ಮುಕ್ಕಾಲು ಗಂಟೆಯ ತವರು

ಆ ಪುಟ್ಟ ವಿಮಾನ ನಿಲ್ದಾಣದ ವಿಚಾರಣೆ ಕಿಟಕಿಯಲ್ಲಿ ಕೂರುವ ಸಾಹೇಬರಿಗೆ, ಪಕ್ಕದ ಊರಿನ ನಿಲ್ದಾಣ ಎಷ್ಟು ದೂರ ಎಂದು ಕೇಳಿದರೆ ಮೈ ಉರಿಯುತ್ತದೆ. “ಕಿಲೋಮೀಟರು ಬಸ್ಸಿನವರ ಮಾತು ಕಣ್ರೀ. ನಮ್ಮದು ಹೊತ್ತಿನ ಲೆಕ್ಕ. ಮುಕ್ಕಾಲು ಗಂಟೆ, ಆಕಳಿಸೋದ್ರೊಳಗೆ ಇಳಿದಿರ್ತೀರಿ” ಎಂದು, ತಾವೇ ವಿಮಾನ ಹಾರಿಸುವವರಂತೆ ಟೈ ಸರಿಪಡಿಸಿಕೊಳ್ಳುತ್ತಾರೆ. ಮನೆಯಲ್ಲಿ ಕಾಫಿ ತಡವಾದರೂ “ಇನ್ನೂ ಇಳಿದಿಲ್ವೇನೇ?” ಎನ್ನುತ್ತಾರೆ. ಒಬ್ಬಳೇ ಮಗಳನ್ನು ಆ ಊರಿಗೆ ಕೊಟ್ಟದ್ದೂ ಇದೇ ಲೆಕ್ಕದ ಮೇಲೆ. ಅಷ್ಟು ಹತ್ತಿರವಾದ್ದರಿಂದಲೇ ಒಮ್ಮೆಯೂ ಹೋಗಿಲ್ಲ. ದೂರದ ಊರಿಗಾದರೆ ಹೊರಡಬೇಕು, ಹತ್ತಿರದ್ದಕ್ಕೆ ‘ಹೊರಟೆ’ ಎಂದರೆ ಸಾಕು. ಮೊನ್ನೆ ಮಗಳು ಫೋನು ಮಾಡಿ, ಗಂಡ ಮತ್ತೆ ಕೈಮಾಡಿದ, ಬಂದು ಕರೆದುಕೊಂಡು ಹೋಗಿ ಎಂದಳು. “ಮುಕ್ಕಾಲು ಗಂಟೇಲಿ ಅಪ್ಪ ಇಲ್ಲಿರ್ತಾರೆ ಅಂತ ಅವನಿಗೆ ಹೇಳಮ್ಮ, ಹೆದರ್ತಾನೆ” ಎಂದರು ಸಾಹೇಬರು. “ಪ್ರತಿ ಸಲನೂ ಹೇಳ್ತೀನಪ್ಪ,” ಎಂದಳು ಮಗಳು. “ಈಗೀಗ ಅವರು ಗಡಿಯಾರ ನೋಡ್ಕೊಂಡು ನಗ್ತಾರೆ.”