ಕ್ಯಾಸೆಟ್ಟಿನಲ್ಲಿ ಇಲ್ಲದ ಮಾತು

ಮೊದಲೇ ಹೇಳಿಬಿಡುತ್ತೇನೆ, ಇಂಥದ್ದನ್ನೆಲ್ಲ ನಂಬುವ ಮನುಷ್ಯ ನಾನಾಗಿರಲಿಲ್ಲ. ಹೊನ್ನಾಳಿಯಲ್ಲಿ ನಮ್ಮದು ಬಟ್ಟೆ ಅಂಗಡಿ. ಹರಕೆಗೆ, ದೃಷ್ಟಿ ತೆಗೆಯುವುದಕ್ಕೆ ಕೆಂಪು ಬಟ್ಟೆ ಬೇಕೆಂದು ಬರುವವರಿಗೆ ಅಳೆದು ಕೊಡುತ್ತಿದ್ದೆ. ಅವರು ಹೇಳುವ ಕಥೆಗಳನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುತ್ತಿದ್ದೆ. ದೂರದಲ್ಲಿದ್ದವರು ಕೂಗಿದ್ದು ಕೇಳಿಸಿತು ಎಂದು ಯಾರಾದರೂ ಅಂದರೆ, ರಾತ್ರಿ ಊಟ ಹೆಚ್ಚಾಗಿತ್ತೇನೋ ಎಂದು ತಮಾಷೆ ಮಾಡುತ್ತಿದ್ದೆ. ಈಗ ಆ ತಮಾಷೆ ಮಾಡುವುದಿಲ್ಲ. ಹಾಗೆಂದು ನಂಬುತ್ತೇನೆ ಅಂತಲೂ ಹೇಳಲಾರೆ. ನಡೆದದ್ದನ್ನು ನಡೆದಂತೆ ಬರೆಯುತ್ತೇನೆ, ನೀವು ಏನು ಬೇಕಾದರೂ ಅಂದುಕೊಳ್ಳಿ.

ವಿಶಾಲಾಕ್ಷಿ ನನ್ನ ಒಬ್ಬಳೇ ತಂಗಿ, ನನಗಿಂತ ಒಂಬತ್ತು ವರ್ಷ ಚಿಕ್ಕವಳು. ಅಪ್ಪ ಬೇಗ ತೀರಿಕೊಂಡಿದ್ದರಿಂದ ಅವಳ ಮದುವೆಯ ಜವಾಬ್ದಾರಿ ನನ್ನ ಮೇಲಿತ್ತು. ಎಪ್ಪತ್ತರ ದಶಕದ ಕೊನೆಯಲ್ಲಿ ಜಗಳೂರಿನ ಒಂದು ಮನೆತನದಿಂದ ಸಂಬಂಧ ಬಂತು. ಹುಡುಗ ಕೆನಡಾದಲ್ಲಿ ಕಾಗದದ ಕಾರ್ಖಾನೆಯೊಂದರಲ್ಲಿ ಇಂಜಿನಿಯರ್. ಮೂರು ವಾರದ ರಜೆಯ ಮೇಲೆ ಬಂದಿದ್ದ. ಅಷ್ಟರೊಳಗೆ ಹೆಣ್ಣು ನೋಡುವುದು, ಮದುವೆ, ಎಲ್ಲ ಮುಗಿಯಬೇಕು. ವಿಶಾಲಿ ಆಗ ಬಿ.ಎ. ಎರಡನೇ ವರ್ಷದಲ್ಲಿದ್ದಳು. ನೋಡಲು ಬಂದವರು ಹೋದ ಮೇಲೆ ಅಡುಗೆಮನೆಯ ಬಾಗಿಲಲ್ಲಿ ನಿಂತು ನನ್ನನ್ನು ಒಂದೇ ಮಾತು ಕೇಳಿದಳು. “ಅಣ್ಣ, ಅವರು ಎಂಥೋರು ಅಂತ ನಿನಗೆ ಗೊತ್ತೈತಾ?”

“ಜಗಳೂರಿನೋರು, ನಮ್ಮೋರೇ. ಇನ್ನೇನು ಗೊತ್ತಾಗಬೇಕು?” ಅಂದೆ. ಅವಳು ಮತ್ತೆ ಕೇಳಲಿಲ್ಲ.

ಚನ್ನಗಿರಿಯಲ್ಲಿ ಸೋದರಮಾವನ ಮನೆಯ ಮುಂದೆ ಚಪ್ಪರ ಹಾಕಿ ಮದುವೆ ಮಾಡಿದೆವು. ಹುಡುಗ ಮುಂದೆ ಹೋದ. ಇವಳ ಕಾಗದಪತ್ರ ಆಗಿ ಬರಲು ಎಂಟು ತಿಂಗಳು ಹಿಡಿಯಿತು. ಬೊಂಬಾಯಿಯವರೆಗೆ ನಾನೇ ಹೋಗಿ ವಿಮಾನ ಹತ್ತಿಸಿದೆ. ನಮ್ಮ ಅಂಗಡಿಯಲ್ಲಿದ್ದ ಅತಿ ದಪ್ಪನೆಯ ಸ್ವೆಟರನ್ನು ಆರಿಸಿ ಕೊಟ್ಟಿದ್ದೆ. ಅದು ಅಲ್ಲಿ ಮನೆಯೊಳಗೆ ಹಾಕಿಕೊಳ್ಳುವುದಕ್ಕೂ ಸಾಲದು ಎಂದು ಆಮೇಲೆ ಅವಳು ಹೇಳಿದಳು.

ಅವ್ವನಿಗೆ ಓದು ಬರಹ ಬಾರದು. ಅಳಿಯ ಮದುವೆಯಲ್ಲಿ ಒಂದು ಟೇಪ್ ರೆಕಾರ್ಡರ್ ತಂದುಕೊಟ್ಟಿದ್ದ. ಹಾಗಾಗಿ ವಿಶಾಲಿ ಕಾಗದ ಬರೆಯುವ ಬದಲು ಎರಡು ಮೂರು ತಿಂಗಳಿಗೊಮ್ಮೆ ಮಾತಾಡಿ ಕ್ಯಾಸೆಟ್ ಕಳಿಸುತ್ತಿದ್ದಳು. ಅದನ್ನು ಹಾಕಿದರೆ ಅವ್ವ ತಲೆ ತುಂಬ ಸೆರಗು ಹೊದ್ದು ಮುಂದೆ ಕೂರುತ್ತಿದ್ದಳು. ಮಗಳು ಎದುರಿಗೇ ಇದ್ದಾಳೆ ಎಂಬಂತೆ ಊಂಗುಟ್ಟುತ್ತಿದ್ದಳು, ನಡುನಡುವೆ ಪ್ರಶ್ನೆ ಕೇಳುತ್ತಿದ್ದಳು. ನನ್ನ ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದರು.

ಮೊದಮೊದಲು ವಿಶಾಲಿಯೂ ನಗುತ್ತಾ ಮಾತಾಡುತ್ತಿದ್ದಳು. ಬರಬರುತ್ತಾ ಹವೆಯ ಸುದ್ದಿ, ಬಟ್ಟೆ ಒಗೆಯುವ ಮಷೀನು, ಅಂಗಡಿಯಲ್ಲಿ ಸಿಗುವ ತರಕಾರಿ, ಇಷ್ಟೇ ಆಯಿತು. ಇಂಗ್ಲಿಷ್ ಬೇಗ ಬರಲಿ ಎಂದು ಗಂಡ ಮನೆಯಲ್ಲಿ ಕನ್ನಡ ಆಡುವುದು ಬೇಡ ಅಂದಿದ್ದಾರೆ ಎಂದು ಒಮ್ಮೆ ಹೇಳಿದಳು. ಅವರ ಸ್ನೇಹಿತರ ಬಾಯಲ್ಲಿ ತನ್ನ ಹೆಸರು ಹೊರಳುವುದಿಲ್ಲವೆಂದು ತನ್ನನ್ನು ವಿಕ್ಕಿ ಎಂದು ಕರೆಯುತ್ತಾರೆ ಅಂತಲೂ ಹೇಳಿದಳು. ಅವ್ವ ಹಾಗಂದರೇನು ಎಂದು ಕೇಳಿದಾಗ, ಅದು ಅಲ್ಲಿ ದೊಡ್ಡವರ ಮನೆಯ ಹೆಸರು ಅಂದುಬಿಟ್ಟೆ.

ಮೂರನೆಯ ವರ್ಷದ ಬೇಸಿಗೆ. ಒಂದು ಭಾನುವಾರ ಮಧ್ಯಾಹ್ನ. ಹೆಂಡತಿ ಮಕ್ಕಳು ಸವಳಂಗಕ್ಕೆ, ಅವಳ ತವರಿಗೆ ಹೋಗಿದ್ದರು. ಮನೆಯಲ್ಲಿ ಅವ್ವ, ನಾನು ಇಬ್ಬರೇ. ಎರಡು ದಿನದ ಹಿಂದೆ ಅಂಗಡಿಯಲ್ಲಿ ಕತ್ತರಿ ಜಾರಿ ಎಡಗೈ ಸೀಳಿತ್ತು, ಅಂಗೈಗೆ ದಪ್ಪ ಪಟ್ಟಿ ಕಟ್ಟಿಸಿಕೊಂಡಿದ್ದೆ. ಹಿಂದಿನ ದಿನವಷ್ಟೇ ಟಪಾಲಿನಲ್ಲಿ ಬಂದಿದ್ದ ಕ್ಯಾಸೆಟ್ಟನ್ನು ಊಟವಾದ ಮೇಲೆ ಹಾಕಿದೆ. ಬಾಗಿಲ ಮುಂದೆ ಬಿದ್ದ ಹಿಮವನ್ನು ಬೆಳಗ್ಗೆ ಎದ್ದ ಕೂಡಲೇ ಸಲಿಕೆಯಿಂದ ತೆಗೆಯಬೇಕು, ಇಲ್ಲದಿದ್ದರೆ ಅದು ಕಲ್ಲಾಗುತ್ತದೆ ಎಂದು ವಿಶಾಲಿ ಹೇಳುತ್ತಿದ್ದಳು. ಅವ್ವ ಎಂದಿನಂತೆ ನಡುವೆ ಬಾಯಿ ಹಾಕಿ, “ಅದೆಲ್ಲ ಇರಲಿ ಬಿಡವ್ವ, ನೀನು ಹೆಂಗಿದೀಯ ಹೇಳು,” ಅಂದಳು.

ಟೇಪಿನಲ್ಲಿ ಮಾತು ನಿಂತಿತು. ಕ್ಯಾಸೆಟ್ ತಿರುಗುತ್ತಲೇ ಇತ್ತು, ಅದನ್ನು ನಾನು ಕಣ್ಣಾರೆ ನೋಡುತ್ತಿದ್ದೆ. ಆಮೇಲೆ ವಿಶಾಲಿಯ ದನಿ, ಮೊದಲಿಗಿಂತ ಮೆಲ್ಲಗೆ, ತೀರ ಹತ್ತಿರದಿಂದ ಬಂದಂತೆ, “ಚೆನ್ನಾಗಿಲ್ಲವ್ವ,” ಎಂದಿತು.

ಅವ್ವ ನನ್ನ ಮುಖ ನೋಡಿದಳು. ಕೇಳಿದ್ದಕ್ಕೂ ಹೇಳಿದ್ದಕ್ಕೂ ಹೇಗೋ ಹೊಂದಿಕೆಯಾಗಿದೆ ಎಂದು ನಾನು ಸಮಾಧಾನ ಮಾಡಿಕೊಳ್ಳುವಷ್ಟರಲ್ಲಿ ಅವಳು, “ನಿಮ್ಮಣ್ಣ ಇಲ್ಲೇ ಕುಂತಾನೆ, ಅವನಿಗೆ ಹೇಳು,” ಅಂದಳು.

“ಅಣ್ಣ, ಕೈಗೆ ಏನಾಗೈತೆ? ಪಟ್ಟಿ ಕಟ್ಟಿಕೊಂಡೀಯಲ್ಲ,” ಎಂದಿತು ದನಿ. ಸ್ವಲ್ಪ ಹೊತ್ತು ಬಿಟ್ಟು, “ನನ್ನ ಕರಕೊಂಡು ಹೋಗಾಕೆ ಬಾ. ಇಲ್ಲಿರಾಕೆ ನನ್ನ ಕೈಲಿ ಆಗಲ್ಲ.”

ಅಷ್ಟೇ. ಮರುಕ್ಷಣ ಹಿಮದ ಮಾತು ಬಿಟ್ಟಲ್ಲಿಂದ ಮತ್ತೆ ಶುರುವಾಯಿತು. ನೆರೆಮನೆಯ ಮುದುಕನೊಬ್ಬ ಸಲಿಕೆ ಹಿಡಿಯುವುದನ್ನು ಹೇಳಿಕೊಟ್ಟ ಸಂಗತಿ, ಮತ್ತೇನೇನೋ. ನನಗೆ ಒಂದೂ ಕಿವಿಗೆ ಬೀಳಲಿಲ್ಲ. ಹಿಂದಕ್ಕೆ ತಿರುಗಿಸಿ ಮತ್ತೆ ಹಾಕಿದೆ. ಹಿಮ ಕಲ್ಲಾಗುತ್ತದೆ ಎಂಬ ಮಾತಿನ ಬೆನ್ನಿಗೇ ಮುದುಕನ ಮಾತು ಬಂತು. ನಡುವೆ ಉಸಿರೆಳೆದುಕೊಂಡಷ್ಟು ಹೊತ್ತು ಬಿಟ್ಟರೆ ಏನೂ ಇಲ್ಲ. ಸಂಜೆ ದೀಪ ಹಚ್ಚುವವರೆಗೆ ಎಷ್ಟು ಸಲ ಹಾಕಿದೆನೋ. ಆಚೆ ಮಗ್ಗುಲನ್ನೂ ಹಾಕಿ ನೋಡಿದೆ. ಇರಲಿಲ್ಲ.

ಅವ್ವನಿಗೆ ಇದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ಮಗಳು ಕರೆದಿದ್ದಾಳೆ, ಹೋಗಿ ಕರೆದುಕೊಂಡು ಬಾ ಎಂದು ಅಂದಿನಿಂದಲೇ ಶುರು ಮಾಡಿದಳು. ಕೆನಡಾ ಎಂದರೆ ಚನ್ನಗಿರಿಯಲ್ಲ, ಬಸ್ಸು ಹತ್ತಿ ಹೋಗುವುದಕ್ಕಾಗುವುದಿಲ್ಲ ಎಂದು ನಾನು ರೇಗಿದೆ. ಆದರೂ ತಡೆಯಲಾರದೆ ಮರುವಾರ ಜಗಳೂರಿಗೆ ಹೋದೆ. ವಿಶಾಲಿಯ ಮಾವ ಊರಿನಲ್ಲಿ ನಾಲ್ಕು ಜನ ಗೌರವಿಸುವ ಹಿರಿಯರು. ಬಿಸಿಲಲ್ಲಿ ಬಂದಿದ್ದೀರಿ ಎಂದು ಮಜ್ಜಿಗೆ ಕೊಡಿಸಿದರು, ಮಗ ಕಳಿಸಿದ ಫೋಟೋಗಳನ್ನು ತಂದು ತೋರಿಸಿದರು. ಒಂದರಲ್ಲಿ ವಿಶಾಲಿ ಪ್ಯಾಂಟು ಹಾಕಿಕೊಂಡು ಕಾರಿಗೆ ಒರಗಿ ನಗುತ್ತಿದ್ದಳು. “ನೋಡ್ರಿ, ಹೆಂಗೆ ಹೊಂದಿಕೊಂಡಾಳೆ. ನಿಮ್ಮ ತಂಗಿ ಜಾಣೆ,” ಅಂದರು.

ಏನು ಕೆಲಸದ ಮೇಲೆ ಬಂದಿರಿ ಎಂದು ಅವರು ಕೇಳಿದರು. ಟೇಪು ತಾನಾಗಿ ಮಾತಾಡಿತು ಎಂದು ಅಂಥ ಮನುಷ್ಯನ ಎದುರು ಹೇಗೆ ಹೇಳುವುದು? ಈ ಕಡೆ ಬಂದಿದ್ದೆ, ಹಾಗೇ ಮಾತಾಡಿಸಿ ಹೋಗೋಣ ಅನಿಸಿತು ಅಂದೆ. ಬಸ್ಸಿನಲ್ಲಿ ಬರುವಾಗ ನಿಜವಾಗಿ ನನಗೆ ನಿರಾಳವೇ ಆಗಿತ್ತು, ಅದನ್ನು ಮುಚ್ಚಿಡುವುದಿಲ್ಲ. ಮನೆಗೆ ಬಂದು ಒಂದು ಕಾಗದ ಬರೆದೆ. ಚೆನ್ನಾಗಿದ್ದೀಯಾ, ಏನಾದರೂ ಇದ್ದರೆ ತಿಳಿಸು ಎಂದು. ಒಂದೂವರೆ ತಿಂಗಳಿಗೆ ಉತ್ತರ ಬಂತು: ನಾವು ಕ್ಷೇಮ, ನನಗೆ ಈಗ ನಾಲ್ಕು ತಿಂಗಳು, ಅವ್ವನಿಗೆ ಹೇಳು. ಕ್ಯಾಸೆಟ್ ಮತ್ತೆ ಬರಲಿಲ್ಲ.

ಅವ್ವ ಆಮೇಲೆ ಎರಡು ವರ್ಷ ಇದ್ದಳು. ಕೊನೆಕೊನೆಗೆ ನನ್ನೊಂದಿಗೆ ಆ ವಿಷಯ ಎತ್ತುವುದನ್ನೇ ಬಿಟ್ಟಿದ್ದಳು. ಅವಳು ತೀರಿಕೊಂಡಾಗ ತಂತಿ ಕೊಟ್ಟೆವು. ಮಗು ಚಿಕ್ಕದು, ಬರುವುದಕ್ಕಾಗುವುದಿಲ್ಲ ಎಂದು ಅಳಿಯ ಬರೆದ.

ವಿಶಾಲಿ ಬಂದದ್ದು ಮತ್ತೂ ಮೂರು ವರ್ಷದ ಮೇಲೆ, ಗಂಡ ಮತ್ತು ಮಗಳ ಜೊತೆ. ಗಂಡ ಜಗಳೂರಿನಲ್ಲೇ ಉಳಿದ. ನಮ್ಮಲ್ಲಿಗೆ ತಾಯಿ ಮಗಳು ನಾಲ್ಕು ದಿನ ಬಂದರು. ವಿಶಾಲಿ ಕೂದಲನ್ನು ಭುಜದವರೆಗೆ ಕತ್ತರಿಸಿಕೊಂಡಿದ್ದಳು. ಕೊರಳಲ್ಲಿ ಲಿಂಗ ಇರಲಿಲ್ಲ. ನನ್ನ ಹೆಂಡತಿ ನೋಡಿದಳು, ಕೇಳಲಿಲ್ಲ. ಮಾತಾಡುತ್ತಾ ಮಾತಾಡುತ್ತಾ ಕೊತ್ತಂಬರಿ, ಒರಳು ಇಂಥ ಮಾತುಗಳೂ ಸಿಗದೆ ತಡಕಾಡುತ್ತಿದ್ದಳು. ಮಗುವಿಗೆ ಕನ್ನಡ ಒಂದಕ್ಷರ ಬಾರದು. ನಮ್ಮ ಮನೆಯ ಊಟ ಕಂಡರೆ ಅಳುತ್ತಿತ್ತು.

ಮೂರನೆಯ ದಿನ ಬೆಳಗ್ಗೆ ಅವಳನ್ನು ಹೊಳೆಯ ಕಡೆ ಕರೆದುಕೊಂಡು ಹೋದೆ. ಮಗು ಮರಳಲ್ಲಿ ಆಡುತ್ತಿತ್ತು. ನಾನು ಆ ಭಾನುವಾರದ ಸಂಗತಿಯನ್ನೆಲ್ಲ ಹೇಳಿದೆ. ನಗುತ್ತಾಳೆ ಅಂದುಕೊಂಡಿದ್ದೆ. ನಗಲಿಲ್ಲ.

“ಟೇಪಿಗೆ ಹೇಳಿರಲಿಲ್ಲಣ್ಣ. ಅವರು ಪಕ್ಕದಾಗೇ ಕುಂತಿದ್ರು. ಮನಸಿನಾಗೆ ಅಂದುಕೊಂಡಿದ್ದೆ,” ಅಂದಳು.

ಕೈಯ ಪಟ್ಟಿಯ ವಿಚಾರ ಕೇಳಿದೆ. ಅದು ತನಗೆ ಗೊತ್ತೇ ಇಲ್ಲ ಅಂದಳು. ಆಮೇಲೆ ಸಿಟ್ಟಿಲ್ಲದೆ, ಏನೋ ಮರೆತದ್ದನ್ನು ಕೇಳುವ ಹಾಗೆ ಕೇಳಿದಳು. “ಕೇಳಿಸಿತ್ತಲ್ಲ ಅಣ್ಣ. ಮತ್ತೆ ಯಾಕೆ ಬರಲಿಲ್ಲ?”

ಪಾಸ್‌ಪೋರ್ಟು, ಅಂಗಡಿ, ಅವಳ ಮಾವನವರು, ಏನೇನೋ ಹೇಳಲು ಹೊರಟೆ. ಅದನ್ನು ಬಿಟ್ಟು, ಈಗಲಾದರೂ ಇಲ್ಲೇ ಇದ್ದುಬಿಡು, ನಾನಿದ್ದೇನೆ ಅಂದೆ. ಅವಳು ಮಗುವಿನ ಕಡೆ ನೋಡಿ, “ಇನ್ನು ಎಲ್ಲಿ ಅಂತ ಇರಲಿ? ಅದು ಅಲ್ಲಿಯದು,” ಅಂದಳು. ಮಗು ಏನೋ ಕೂಗಿ ಕೇಳಿತು. ಅವಳು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾ ಎದ್ದು ಹೋದಳು. ಮರುದಿನ ಅವರನ್ನು ಜಗಳೂರಿಗೆ ಬಿಟ್ಟು ಬಂದೆ. ಅವಳು ಮತ್ತೆ ಈ ಕಡೆ ಬಂದಿಲ್ಲ.

ಇದನ್ನು ಕೇಳಿದ ಒಬ್ಬ ಡಾಕ್ಟರು, ತಾಯಿಗೂ ಮಗನಿಗೂ ಒಂದೇ ಚಿಂತೆ ಹತ್ತಿತ್ತು, ಅದೇ ದನಿಯಾಗಿ ಕೇಳಿಸಿರಬೇಕು ಅಂದರು. ಇರಬಹುದು. ಆದರೆ ಇಬ್ಬರಿಗೂ ಅವೇ ಮಾತು ಹೇಗೆ ಕೇಳಿಸಿತು, ನನಗೆ ಅಂಥ ಚಿಂತೆಯೇ ಇರಲಿಲ್ಲವಲ್ಲ? ಎಷ್ಟು ಯೋಚಿಸಿದರೂ ನನಗೆ ಇಂದಿಗೂ ಇದು ಬಗೆಹರಿದಿಲ್ಲ. ಅಂದು ನಮಗೆ ಏನೂ ಕೇಳಿಸದೆ ಹೋಗಿದ್ದರೆ ಚೆನ್ನಾಗಿತ್ತು ಎಂದು ಎಷ್ಟೋ ಸಲ ಅನಿಸುತ್ತದೆ. ನನಗೆ ಗೊತ್ತಿರಲಿಲ್ಲ ಎಂದಾದರೂ ಹೇಳಿಕೊಳ್ಳಬಹುದಿತ್ತು.