ಎಣ್ಣೆ ಪ್ಯಾಂಟಿನ ಮಡಿಕೆ

ಲಿಫ್ಟಣ್ಣ ಮೊದಲ ಸಲ ಹೊಲಿಗೆಯಕ್ಕನ ಬಾಗಿಲು ತಟ್ಟಿದ ದಿನ ಅವರ ಕೈಯಲ್ಲಿ ತುಂಡಾದ ಬಟ್ಟೆಯ ಪಟ್ಟಿಯೊಂದು ಜೋತಾಡುತ್ತಿತ್ತು. ಕಿರುಬೆರಳಿನ ಅರ್ಧದಷ್ಟೂ ಅಗಲವಿರಲಿಲ್ಲ. ಗಂಡ ತೀರಿಕೊಂಡ ಮೇಲೆ ಅಕ್ಕ ಹೊಲಿಗೆ ಮೆಷಿನ್ ಕಟ್ಟಿಕೊಂಡು ಆ ಕಟ್ಟಡದ ಮೇಲಿನ ಮಹಡಿಗೆ ಬಂದು ವಾರವೂ ಆಗಿರಲಿಲ್ಲ. ಕೆಳಗೆ ಲಿಫ್ಟಣ್ಣನ ಮನೆಯಿಂದ ದಿನವೂ ಟಕಟಕ ಸದ್ದು ಕೇಳಿಸುತ್ತಿತ್ತು. ಯಾರೋ ತುಂಬಾ ಓದಿದವರು, ಏನೋ ಗ್ರಂಥ ಬರೆಯುತ್ತಿದ್ದಾರೆ ಅಂತ ಅಕ್ಕ ಅಂದುಕೊಂಡಿದ್ದರು.

"ಅಕ್ಕಾ, ಎಳೆದರೆ ಹಿಗ್ಗಬಾರದು, ಮಡಿಸಿದರೆ ಮುರೀಬಾರದು. ಅಂಥ ಪಟ್ಟಿ ಏನಾದ್ರೂ ಇದೆಯಾ?" ಅಂದರು ಅವರು.

"ಅಂಥ ಮನುಷ್ಯರೇ ಸಿಗಲ್ಲ ಅಣ್ಣಾ, ಪಟ್ಟಿ ಎಲ್ಲಿಂದ ತರಲಿ?" ಅನ್ನುತ್ತಲೇ ಅಕ್ಕ ಡಬ್ಬಿ ತೆಗೆದು, ಸೊಂಟದ ಅಂಚಿಗೆ ಹಾಕುವ ನೂಲಿನ ಟೇಪನ್ನು ಅದೇ ಅಳತೆಗೆ ಕತ್ತರಿಸಿ, ಎರಡೂ ತುದಿ ಮಡಿಸಿ ಹೊಲಿದುಕೊಟ್ಟರು. ಅವರು ಅಕ್ಕಾ ಅಂದದ್ದಕ್ಕೆ ಇವರು ಅಣ್ಣಾ ಅಂದರು. ಇಬ್ಬರಲ್ಲಿ ದೊಡ್ಡವರು ಯಾರು ಅನ್ನುವುದು ಕೊನೆಗೂ ಇತ್ಯರ್ಥವಾಗಲಿಲ್ಲ. ಇಬ್ಬರೂ ಪಟ್ಟು ಬಿಡಲಿಲ್ಲ.

ಆಮೇಲೆ ತಿಳಿಯಿತು, ಗ್ರಂಥವೂ ಇಲ್ಲ, ಗಿಂಥವೂ ಇಲ್ಲ. ಲಿಫ್ಟಣ್ಣನಿಗೆ ಟೈಪು ಮಾಡಲಿಕ್ಕೇ ಬರುತ್ತಿರಲಿಲ್ಲ. ಜೀವಮಾನವೆಲ್ಲ ಲಿಫ್ಟ್ ರಿಪೇರಿ ಮಾಡಿದವರು. ಕಂಪ್ಯೂಟರ್ ಬಂದ ಕಾಲದಲ್ಲಿ ಒಂದು ಆಫೀಸಿನ ಮೂಲೆಯಲ್ಲಿ ಬಿಸಾಕಿದ್ದ ಟೈಪ್‌ರೈಟರ್ ಕಂಡು, ಕೇಳಿ ಎತ್ತಿಕೊಂಡು ಬಂದರಂತೆ. ಅದು ರಿಪೇರಿಯಾಗಿ ಓಡಿದ ದಿನದಿಂದ ಹುಚ್ಚು ಹತ್ತಿತು. ಲಿಫ್ಟು ಹಗ್ಗದ ಮೇಲೆ ಮೇಲೆ-ಕೆಳಗೆ ಓಡಾಡಿದರೆ, ಇದರ ಕಾಗದ ಹೊತ್ತ ಗಾಡಿ ಪಟ್ಟಿಯ ಎಳೆತಕ್ಕೆ ಆ ಕಡೆ ಈ ಕಡೆ ಓಡಾಡುತ್ತೆ, ಅಷ್ಟೇ ವ್ಯತ್ಯಾಸ ಅನ್ನುತ್ತಿದ್ದರು. ಒಂದೇ ಬೆರಳಿನಿಂದ ಎಲ್ಲ ಅಕ್ಷರಗಳನ್ನೂ ಸಾಲಾಗಿ ಕುಟ್ಟಿ, ಕೊನೆಯಲ್ಲಿ ಗಂಟೆ ಠಣ್ ಎಂದರೆ ಅವರ ಮುಖ ಅರಳುತ್ತಿತ್ತು. ಯಾರು ಮೆಷಿನ್ ತಂದರೂ ರಿಪೇರಿ ಮಾಡಿಕೊಡುತ್ತಿದ್ದರು, ಕೂಲಿ ಮಾತ್ರ ತೆಗೆದುಕೊಳ್ಳುತ್ತಿರಲಿಲ್ಲ. ಮಂಚದ ಕೆಳಗೆ, ಬೀರುವಿನ ಮೇಲೆ, ಎಲ್ಲೆಂದರಲ್ಲಿ ಮೆಷಿನ್ನುಗಳು. "ಇವರಿಗೆ ನಾನು ಎರಡನೇ ಸಂಸಾರ, ಮೊದಲನೇದು ಅವು" ಅಂತ ಅವರ ಹೆಂಡತಿ ಮೆಟ್ಟಿಲ ಮೇಲೆ ಸಿಕ್ಕವರಿಗೆಲ್ಲ ಹೇಳುತ್ತಿದ್ದರು.

ಮೇಜಿಗೆ ಕೂರುವಾಗ ಹಾಕಿಕೊಳ್ಳಲು ಅವರಿಗೊಂದು ಬೇರೆ ಪ್ಯಾಂಟು, ಹಳೆಯ ಕೆಲಸದ ಯೂನಿಫಾರ್ಮಿನದು. ಮನೆಯವರೆಲ್ಲ ಅದನ್ನು ಎಣ್ಣೆ ಪ್ಯಾಂಟು ಅನ್ನುವುದು. ಅದು ಉದ್ದ ಜಾಸ್ತಿಯಾಗಿ ನೆಲ ಗುಡಿಸುತ್ತಿತ್ತು. ಅಕ್ಕ ಕತ್ತರಿಸಿಕೊಡುತ್ತೇನೆ ಅಂದರೆ ಬೇಡವೇ ಬೇಡ, ಒಳ್ಳೆ ಬಟ್ಟೆ ಯಾಕೆ ಹಾಳು ಮಾಡೋದು, ಮಡಿಸಿಬಿಡಿ ಅಂದರು.

"ಈ ವಯಸ್ಸಲ್ಲಿ ಇನ್ನೂ ಉದ್ದ ಬೆಳೀತೀರಾ ಅಣ್ಣಾ?" ಅಂದು ನಗುತ್ತ ಅಕ್ಕ ಅಂಚನ್ನು ಹೊರಗಡೆಗೆ ಅಗಲವಾಗಿ ಮಡಿಸಿ, ಬದಿಗಳಲ್ಲಿ ಮಾತ್ರ ನಾಲ್ಕು ಹೊಲಿಗೆ ಹಾಕಿಕೊಟ್ಟಿದ್ದರು.

ಹೀಗೆ ವರ್ಷಗಳು ಕಳೆದವು. ಒಂದು ದಿನ ಕೋರ್ಟಿನ ಮೆಟ್ಟಿಲ ಬಳಿ ಕೊಡೆ ಕೆಳಗೆ ಕೂತು ಅರ್ಜಿ ಟೈಪು ಮಾಡುವ ಮೇಷ್ಟ್ರು ತಮ್ಮ ಮೆಷಿನ್ ಹೊತ್ತುಕೊಂಡು ಬಂದರು. ಅವರ ಅನ್ನವೇ ಅದರಲ್ಲಿ. ಗಾಡಿ ಅಕ್ಷರಕ್ಕೊಂದು ಹೆಜ್ಜೆ ಇಡುವ ಬದಲು ಒಮ್ಮೊಮ್ಮೆ ಜಿಗಿಯುತ್ತಿತ್ತು. ಅದನ್ನು ತಡೆದು ನಿಲ್ಲಿಸುವ ಪುಟ್ಟ ಹಲ್ಲನ್ನು ಲಿಫ್ಟಣ್ಣ ಬಿಚ್ಚಿ ತೊಳೆದರು. ತಿರುಗಿ ಕೂರಿಸುವಾಗ ನೋಡಿದರೆ ಹಲ್ಲು ಇದೆ, ಅದನ್ನು ಬಿಗಿಯುವ ತಿರುಪು ಇಲ್ಲ. ಅಕ್ಕಿಕಾಳಿನಷ್ಟು ತಿರುಪು, ಆದರೆ ಕತ್ತು ದಪ್ಪ, ತುದಿ ಸಣ್ಣ. ಅಂಥದ್ದು ಬೇರೆಲ್ಲೂ ಸಿಗದು, ಮೆಷಿನ್ ಮಾಡಿದ ಕಂಪನಿ ಎಂದೋ ಮುಚ್ಚಿಹೋಗಿತ್ತು. ಅದಿಲ್ಲದಿದ್ದರೆ ಗಾಡಿ ಒಂದೇ ಓಟಕ್ಕೆ ಆ ತುದಿಗೆ ಹೋಗಿ ಬೀಳುತ್ತದೆ.

ಅಕ್ಕ ಸೂಜಿ ಹೆಕ್ಕುವ ಆಯಸ್ಕಾಂತ ಹಿಡಿದು ಹೋಗಿ, ಮೇಜಿನ ಕೆಳಗೆ, ಚಾಪೆಯ ಎಳೆಯೆಳೆಯಲ್ಲಿ, ಬಾಗಿಲ ಸಂದಿನಲ್ಲಿ ಎಲ್ಲ ಆಡಿಸಿದರು. ಕಬ್ಬಿಣದ ಪುಡಿ ಬಂತು, ಕಳೆದುಹೋಗಿದ್ದ ಹೇರ್‌ಪಿನ್ ಬಂತು, ತಿರುಪು ಬರಲಿಲ್ಲ.

ಮರುದಿನ ಬೆಳಿಗ್ಗೆ ಲಿಫ್ಟಣ್ಣ ಮೇಲೆ ಬಂದರು. ಇಸ್ತ್ರಿ ಮಾಡಿದ ಬಟ್ಟೆ, ಕಂಕುಳಲ್ಲಿ ಸುತ್ತಿದ ಎಣ್ಣೆ ಪ್ಯಾಂಟು. ಕಣ್ಣು ಮಂಜಾಗಿದೆ, ಕೈ ನಂಬುವ ಹಾಗಿಲ್ಲ, ಬೇರೆಯವರ ಅನ್ನದ ಪಾತ್ರೆಗೆ ತೂತು ಮಾಡುವುದಕ್ಕಿಂತ ಸುಮ್ಮನಿರುವುದು ಮೇಲು ಅಂದರು. ಮಧ್ಯಾಹ್ನ ಗುಜರಿಯವನು ಬರುತ್ತಾನಂತೆ, ಎಲ್ಲವನ್ನೂ ಕೊಟ್ಟುಬಿಡುತ್ತಾರಂತೆ. ಮೇಷ್ಟ್ರಿಗೆ ಏನು ಹೇಳುವುದು ಅನ್ನುವುದೊಂದೇ ತಿಳಿಯುತ್ತಿಲ್ಲ ಅಂದರು.

"ಇದನ್ನ ಒರೆಸೋ ಬಟ್ಟೆ ಮಾಡ್ಕೊಳ್ಳಿ ಅಕ್ಕಾ. ಇನ್ನು ನನಗೆ ಬೇಡ."

ಅವರು ಇಳಿದುಹೋದ ಮೇಲೂ ಪ್ಯಾಂಟು ಅಕ್ಕನ ತೊಡೆಯ ಮೇಲೇ ಇತ್ತು. ಕೆಳಗೆ ಟಕಟಕ ಇಲ್ಲ. ನೀರಿಗೆ ಹೋದಾಗ ಅವರ ಹೆಂಡತಿ ಸಿಕ್ಕಿ, ಇಷ್ಟು ವರ್ಷ ಆ ಸದ್ದಿಗೆ ತಲೆನೋವು ಅಂತಿದ್ದೆ, ನಿನ್ನೆ ಅದಿಲ್ಲದೆ ತಲೆನೋವು ಬಂತು ಅಂತ ಸೆರಗಿನಲ್ಲಿ ಮೂಗು ಒರೆಸಿಕೊಂಡರು.

ಕೊಟ್ಟಿದ್ದನ್ನು ಹಾಗೇ ಇಡುವುದು ಅಕ್ಕನ ಜಾಯಮಾನವಲ್ಲ. ಹಳೆಬಟ್ಟೆ ಬಿಚ್ಚುವವರು ಮೊದಲು ಅಂಚು ಬಿಚ್ಚುತ್ತಾರೆ. ಎಡಗಾಲಿನ ಹೊಲಿಗೆ ಕತ್ತರಿಸಿದರು. ದೂಳು, ನೂಲಿನ ಉಂಡೆ. ಬಲಗಾಲಿನದು ಕತ್ತರಿಸಿ ಕೊಡವಿದರು. ಏನೋ ಟಿಣ್ ಎಂದು ನೆಲಕ್ಕೆ ಬಿತ್ತು. ಕತ್ತು ದಪ್ಪ, ತುದಿ ಸಣ್ಣ.

ಅಕ್ಕನ ಮಂಡಿನೋವು ಆ ಹೊತ್ತು ಎಲ್ಲಿಗೆ ಹೋಯಿತೋ. ತಿರುಪನ್ನು ಮುಷ್ಟಿಯಲ್ಲಿ ಬಿಗಿಹಿಡಿದು ಮೆಟ್ಟಿಲಿಳಿದಾಗ ಗುಜರಿಯವನು ತಕ್ಕಡಿ ನೇತುಹಾಕುತ್ತಿದ್ದ.

"ಕಂಕುಳಲ್ಲಿ ಕೂಸು, ಊರೆಲ್ಲ ಹುಡುಕಾಟ" ಅಂದು ಅಕ್ಕ ಅಂಗೈ ಬಿಚ್ಚಿದರು. "ನೀವು ಕಳ್ಕೊಂಡಿಲ್ಲ ಅಣ್ಣಾ. ನಾನು ಹಾಕಿದ ಮಡಿಕೆ ಹಿಡಿದಿಟ್ಟುಕೊಂಡಿತ್ತು."

ಲಿಫ್ಟಣ್ಣ ತಿರುಪನ್ನೇ ನೋಡಿದರು, ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ಹೋದ ಜೀವ ಬಂದಂತೆ ಕುರ್ಚಿ ಎಳೆದುಕೊಂಡು ಮೇಜಿಗೆ ಕೂತರು. ಗುಜರಿಯವನಿಗೆ ಅವರ ಹೆಂಡತಿಯೇ ಚಹಾ ಕೊಟ್ಟು, ಹಳೆ ಬಕೆಟ್ಟೊಂದನ್ನು ಹೊರಿಸಿ ಕಳಿಸಿದರು.

ಸಂಜೆಯೊಳಗೆ ತಿರುಪು ಹಲ್ಲಿಗೆ ಸೇರಿತು. ಗಾಡಿ ಎಳೆಯುವ ಪಟ್ಟಿಯನ್ನು ಕೊಕ್ಕೆಗೆ ಸಿಕ್ಕಿಸಿದ್ದು ಅಕ್ಕ. ಮೇಷ್ಟ್ರು ಬಂದು ಹತ್ತೂ ಬೆರಳು ಓಡಿಸಿದಾಗ ಗಾಡಿ ಒಂದೊಂದೇ ಹೆಜ್ಜೆ ಇಟ್ಟು ನಡೆದು, ಕೊನೆಯಲ್ಲಿ ಠಣ್ ಎಂದಿತು. ಮೇಷ್ಟ್ರು ಸುಮ್ಮನೆ ಇನ್ನೊಂದು ಸಾಲು ಹೊಡೆದರು.

ಅಕ್ಕ ಹೊರಡಲು ಎದ್ದಾಗ ಲಿಫ್ಟಣ್ಣ ಬಾಗಿಲವರೆಗೆ ಬಂದರು. ಸ್ವಲ್ಪ ಸಂಕೋಚ, ದನಿ ಸಣ್ಣದು.

"ಅಕ್ಕಾ, ಆ ಪ್ಯಾಂಟು ಪೂರ್ತಿ ಹರಿದುಬಿಟ್ರಾ, ಇಲ್ಲಾ ಮಡಿಕೆ ತಿರುಗಿ ಹಾಕಿಕೊಡೋಕಾಗುತ್ತಾ?"