ತೈಸಿಯಾಳ ‘ಹೌ ಆರ್ ಯೂ’

ರಷ್ಯಾದ ಪೆರ್ಮ್ ಊರಿನ ಟ್ರಾಮನ್ನು ಮೂವತ್ತು ವರ್ಷ ಓಡಿಸಿದ ತೈಸಿಯಾ ಗ್ಲೆಬೊವ್ನಾ ಈಗ ಇಂಗ್ಲಿಷಿನ ಬೆನ್ನು ಹತ್ತಿದ್ದಾಳೆ. ಮಗಳು ಲೂದಾ ಇಂಗ್ಲೆಂಡಿನ ಹುಡುಗನನ್ನು ಮದುವೆಯಾಗಲಿದ್ದಾಳಲ್ಲ. ಫ್ರಿಜ್ಜು, ಉಪ್ಪುಸೌತೆಯ ಜಾಡಿ, ಕೊನೆಗೆ ಬೆಕ್ಕಿನ ಬೆನ್ನಿಗೂ ಇಂಗ್ಲಿಷ್ ಹೆಸರಿನ ಚೀಟಿ ಅಂಟಿದೆ. ಕಿಟಕಿಯ ಟೊಮೇಟೊ ಸಸಿಗಳಿಗೆ ದಿನವೂ ‘ಗುಡ್ ಮಾರ್ನಿಂಗ್’ ಹೇಳುತ್ತಾಳೆ, ಬಾಡಿದ ಸಸಿಗೆ ‘ಸಾರಿ’ ಕೇಳುತ್ತಾಳೆ. ಒಂದು ಪಾಠ ಮಾತ್ರ ಅವಳ ತಲೆಗೆ ಹತ್ತಲೇ ಇಲ್ಲ. “ಅಮ್ಮಾ, ಹೌ ಆರ್ ಯೂ ಅಂದ್ರೆ ಫೈನ್ ಅಂದು ಸುಮ್ನಾಗ್ಬೇಕು. ಅವರೇನು ನಿಜವಾಗ್ಲೂ ಕೇಳ್ತಿರಲ್ಲ.” “ಹಂಗಾದ್ರೆ ಬಾಯಿ ಬಿಡೋದ್ಯಾಕೆ? ನಾವು ಕೇಳಿದ್ರೆ ಕೂತು ಕೇಳಿಸ್ಕೊಳ್ತೀವಮ್ಮ.” ಹಾಗೆಯೇ ಆಯಿತು. ಭಾನುವಾರ ವಿಡಿಯೋದಲ್ಲಿ ಬೀಗತಿ ಡೋರೀನ್ ‘ಹೌ ಆರ್ ಯೂ’ ಎಂದಿದ್ದೇ ತಡ, ತೈಸಿಯಾ ರಕ್ತದೊತ್ತಡದಿಂದ ಹಿಡಿದು ತೋಟದ ಮನೆಯ ಸೋರುವ ಮಾಡಿನವರೆಗೆ ಎಲ್ಲವನ್ನೂ ತನ್ನ ಮುರುಕು ಇಂಗ್ಲಿಷಿನಲ್ಲಿ ಒಪ್ಪಿಸಿದಳು. ಲೂದಾ ನಾಚಿಕೆಯಿಂದ ಅಡುಗೆಮನೆ ಸೇರಿದಳು. ಆಮೇಲೆ ತೈಸಿಯಾ ತಾನೂ ಕೇಳಿದಳು, “ಹೌ ಆರ್ ಯೂ, ಡೋರೀನ್?” “ಫೈನ್,” ಎಂದಳು ಆಕೆ. ತೈಸಿಯಾ ಕೆನ್ನೆಗೆ ಕೈಕೊಟ್ಟು ಕೂತು, “ಐ ವೇಟ್,” ಎಂದಳು. ಡೋರೀನ್ ಕನ್ನಡಕ ತೆಗೆದಿಟ್ಟು, ಮಂಡಿನೋವಿನಿಂದ ಶುರುಮಾಡಿದಳು. ಗಂಡ ತೀರಿಕೊಂಡ ದಿನಕ್ಕೆ ಬರುವ ಹೊತ್ತಿಗೆ ಲೂದಾ ಮೂರನೇ ಸಲ ಚಹಾ ಕಾಯಿಸಿದ್ದಳು.